ಕಪ್ಪೆಯ ವಿಷ ಯಾರ ಸ್ವತ್ತು?

ವಿಷದ ಕಪ್ಪೆ ಎಂದೊಡನೆ ನಮ್ಮ ವಿದ್ಯಾರ್ಥಿಗಳ ಮನಸ್ಸು ದಕ್ಷಿಣ ಅಮೆರಿಕದ ಮಳೆಕಾಡಿಗೆ ಓಡುತ್ತದೆ. ಬಂಗಾರದ ಹಳದಿ, ಕಡುಗೆಂಪು, ನೀಲಿ ಬಣ್ಣಗಳ ಪುಟ್ಟ ಕಪ್ಪೆಗಳು. ಅವುಗಳ ಬೆನ್ನಿಗೆ ಬಾಣದ ಮೊನೆಯನ್ನು ಸವರಿಕೊಂಡು ಬೇಟೆಗೆ ಹೊರಡುವ ಕಾಡಿನ ಜನ. ಒಂದೇ ಕಪ್ಪೆಯ ಮೈಯಲ್ಲಿ ಹತ್ತು ಮಂದಿಯ ಪ್ರಾಣ ತೆಗೆಯುವಷ್ಟು ವಿಷ - ಇಂಥ ಚಿತ್ರಗಳನ್ನು ಅವರು ಪುಸ್ತಕಗಳಲ್ಲಿಯೂ ಪರದೆಯ ಮೇಲೂ ಕಂಡು ಬೆರಗಾಗಿದ್ದಾರೆ. ಬೆರಗು ಒಳ್ಳೆಯದೇ, ವಿಜ್ಞಾನ ಹುಟ್ಟುವುದು ಅಲ್ಲಿಂದಲೇ. ಆದರೆ ಮುಂಗಾರಿನ ಮಳೆ ಬಿದ್ದ ರಾತ್ರಿ ನಮ್ಮ ಬೆಂಗಳೂರಿನ ಬೀದಿದೀಪದ ಕೆಳಗೆ ಕುಳಿತು ಹುಳು ಹಿಡಿಯುವ ಒರಟು ಮೈಯ ನೆಲಗಪ್ಪೆಯೂ ವಿಷಜೀವಿಯೇ ಎಂಬುದನ್ನು ಬಲ್ಲವರು ಕಡಮೆ. ಬಲ್ಲವರಲ್ಲಿಯೂ ಹಲವರಿಗೆ ಆ ತಿಳಿವಳಿಕೆ ಕಲ್ಲೆತ್ತಿ ಹೊಡೆಯುವುದಕ್ಕೆ ಮಾತ್ರ ಒದಗಿ ಬಂದಿದೆ.

ದೂರದ ವಿಷಕ್ಕೆ ಬೆರಗು, ಹತ್ತಿರದ ವಿಷಕ್ಕೆ ಕಲ್ಲು - ಇದು ಸರಿಯಾದ ನಡತೆಯಲ್ಲ. ಸರಿಯಾದ ವಿಜ್ಞಾನವಂತೂ ಅಲ್ಲ. ವಿಷವನ್ನು ನಾವು ಕಪ್ಪೆಯ ದುರ್ಗುಣವೆಂದು ಎಣಿಸಿದ್ದೇವೆ. ವಾಸ್ತವವಾಗಿ ಅದು ಕಪ್ಪೆಗೂ ಅದು ಬಾಳುವ ನೆಲಕ್ಕೂ ನಡುವೆ ಇರುವ ಒಂದು ಸಂಬಂಧ. ನೆಲ ಬದಲಾದರೆ ವಿಷ ಬದಲಾಗುತ್ತದೆ. ನೆಲ ಹಾಳಾದರೆ ವಿಷವೂ ಉಳಿಯದು, ಕಪ್ಪೆಯೂ ಉಳಿಯದು. ಆದುದರಿಂದ ಕಪ್ಪೆಯನ್ನು ಕಾಪಾಡುವುದೆಂದರೆ ಅದರ ನೆಲವನ್ನು ಕಾಪಾಡುವುದು ಎಂಬುದೇ ಈ ಲೇಖನದ ವಾದ. ಈ ಮಾತು ಅಮೆಜಾನಿಗೆ ಎಷ್ಟು ನಿಜವೋ ಶಿವಾಜಿನಗರಕ್ಕೂ ಅಷ್ಟೇ ನಿಜ.

ಎರಡು ಬಗೆಯ ವಿಷ

ಮೊದಲು ಒಂದು ಗೊಂದಲವನ್ನು ನಿವಾರಿಸಿಕೊಳ್ಳಬೇಕು. ಕನ್ನಡದಲ್ಲಿ ನಾಗರಹಾವಿಗೂ ವಿಷ ಎನ್ನುತ್ತೇವೆ, ಕಣಗಿಲೆಯ ಎಲೆಗೂ ವಿಷ ಎನ್ನುತ್ತೇವೆ. ಆದರೆ ಇವೆರಡೂ ಒಂದೇ ಬಗೆಯವಲ್ಲ. ನಾಗರಹಾವು ತನ್ನ ವಿಷವನ್ನು ಹಲ್ಲಿನ ಮೂಲಕ ಇನ್ನೊಂದು ಪ್ರಾಣಿಯ ಮೈಯೊಳಕ್ಕೆ ಹುಗಿಸುತ್ತದೆ. ಕಣಗಿಲೆ ಯಾರ ತಂಟೆಗೂ ಹೋಗುವುದಿಲ್ಲ. ತಿಂದವನಿಗೆ ಮಾತ್ರ ಕೇಡು. ಕಪ್ಪೆ ಕಣಗಿಲೆಯ ಪಂಗಡಕ್ಕೆ ಸೇರಿದ್ದು. ಬ್ರೆಜಿಲ್ ದೇಶದ ಎರಡು ಜಾತಿಯ ಕಪ್ಪೆಗಳು ತಲೆಯ ಮೇಲಿನ ಸಣ್ಣ ಮುಳ್ಳುಗಳಿಂದ ವಿಷವನ್ನು ಚುಚ್ಚಬಲ್ಲವೆಂದು ೨೦೧೫ರಲ್ಲಿ ಪ್ರಕಟವಾಯಿತು. ಇಂಥ ವಿರಳವಾದ ಅಪವಾದಗಳನ್ನು ಬಿಟ್ಟರೆ ಕಪ್ಪೆಯ ವಿಷ ಕತ್ತಿಯಲ್ಲ, ಕವಚ.

ಈ ಕವಚ ಏಕೆ ಬೇಕಾಯಿತು? ಕಪ್ಪೆಗೆ ಹಾವಿನಂತೆ ಪೊರೆಯಿಲ್ಲ, ಹಕ್ಕಿಯಂತೆ ಗರಿಯಿಲ್ಲ, ನಮ್ಮಂತೆ ಒಣಗಿದ ತೊಗಲೂ ಇಲ್ಲ. ಅದರ ಚರ್ಮ ತೆಳುವಾದುದು, ಸದಾ ತೇವವಾಗಿರುವಂಥದು. ಆ ಚರ್ಮದ ಮೂಲಕವೇ ಅದು ಉಸಿರಾಟದ ಒಂದು ಭಾಗವನ್ನು ನಡೆಸುತ್ತದೆ, ನೀರನ್ನು ಹೀರಿಕೊಳ್ಳುತ್ತದೆ. ತೇವವಾದ ತೆಳುಚರ್ಮವೆಂದರೆ ಬೂಷ್ಟಿಗೂ ಸೂಕ್ಷ್ಮಜೀವಿಗಳಿಗೂ ತೆರೆದಿಟ್ಟ ಬಾಗಿಲು. ಹೀಗಾಗಿ ಕಪ್ಪೆಯ ಚರ್ಮದಲ್ಲಿ ಎರಡು ಬಗೆಯ ಗ್ರಂಥಿಗಳಿವೆ. ಒಂದು ಬಗೆಯವು ಲೋಳೆಯನ್ನು ಒಸರಿ ಮೈಯನ್ನು ತೇವವಾಗಿಡುತ್ತವೆ. ಇನ್ನೊಂದು ಬಗೆಯವು ಕಾವಲಿನ ರಾಸಾಯನಿಕಗಳನ್ನು ಒಸರುತ್ತವೆ. ಈ ಕಾವಲು ಕೆಲವು ಜಾತಿಗಳಲ್ಲಿ ಬರಿಯ ಕಹಿ, ಕೆಲವುಗಳಲ್ಲಿ ಉರಿ, ಕೆಲವೇ ಕೆಲವುಗಳಲ್ಲಿ ಮಾರಣಾಂತಿಕ.

ನಮ್ಮ ನೆಲಗಪ್ಪೆಯನ್ನೇ ನೋಡಿ. ಕಣ್ಣಿನ ಹಿಂಭಾಗದಲ್ಲಿ ಇಕ್ಕೆಲಗಳಲ್ಲಿ ಹುರುಳಿಯಾಕಾರದ ಎರಡು ಉಬ್ಬುಗಳು ಎದ್ದು ಕಾಣುತ್ತವೆ. ನಾಯಿಯೊಂದು ಅದನ್ನು ಬಾಯಲ್ಲಿ ಕಚ್ಚಿದರೆ ಆ ಉಬ್ಬುಗಳಿಂದ ಹಾಲಿನಂಥ ದ್ರವ ಒಸರುತ್ತದೆ. ನಾಯಿ ನೊರೆ ಕಾರುತ್ತ ಕಪ್ಪೆಯನ್ನು ಉಗುಳುತ್ತದೆ. ಆ ದ್ರವದಲ್ಲಿರುವ ಮುಖ್ಯ ವಸ್ತುಗಳು ಡಿಜಿಟಾಲಿಸ್ ಗಿಡದಿಂದ ದೊರೆಯುವ ಹೃದ್ರೋಗದ ಔಷಧಕ್ಕೆ ಹತ್ತಿರದ ನೆಂಟರು. ಹೃದಯದ ಜೀವಕೋಶಗಳಲ್ಲಿ ಸೋಡಿಯಂ ಅಯಾನುಗಳನ್ನು ಹೊರದೂಡಿ ಪೊಟ್ಯಾಸಿಯಂ ಅಯಾನುಗಳನ್ನು ಒಳಗೆ ತರುವ ಒಂದು ಸೂಕ್ಷ್ಮ ಪಂಪಿನ ವ್ಯವಸ್ಥೆಯಿದೆ. ನೆಲಗಪ್ಪೆಯ ವಿಷ ಆ ಪಂಪನ್ನು ತಡೆಯುತ್ತದೆ. ಪ್ರಮಾಣ ಹೆಚ್ಚಾದರೆ ಹೃದಯದ ತಾಳ ತಪ್ಪುತ್ತದೆ. ನೆಲಗಪ್ಪೆಯನ್ನು ಬೇಯಿಸಿ ತಿಂದು ಮನುಷ್ಯರು ಸತ್ತ ಪ್ರಸಂಗಗಳು ಏಷ್ಯದ ಹಲವು ದೇಶಗಳ ವೈದ್ಯರ ದಾಖಲೆಯಲ್ಲಿವೆ. ಇದೇ ದ್ರವವನ್ನು ಒಣಗಿಸಿ ಚೀನೀ ವೈದ್ಯರು ಬಹುಕಾಲದಿಂದ ಔಷಧವಾಗಿ ಬಳಸುತ್ತಿದ್ದಾರೆ ಎಂಬುದೂ ನಿಜ.

ಹಾಗಾದರೆ ನೆಲಗಪ್ಪೆಯನ್ನು ಮುಟ್ಟಿದರೆ ಅಪಾಯವೆ? ಇಲ್ಲ. ಗಾಯವಿಲ್ಲದ ಚರ್ಮಕ್ಕೆ ಅದರಿಂದ ಕೇಡಿಲ್ಲ. ಮುಟ್ಟಿದ ಕೈಯಿಂದ ಕಣ್ಣನ್ನೋ ಬಾಯನ್ನೋ ಮುಟ್ಟದೆ, ಸಾಬೂನಿನಿಂದ ಕೈ ತೊಳೆದುಕೊಂಡರೆ ಸಾಕು. ಕಪ್ಪೆ ಮುಟ್ಟಿದರೆ ನರುಳಿ ಏಳುತ್ತದೆಂಬ ನಂಬಿಕೆ ನಮ್ಮಲ್ಲಿಯೂ ಇದೆ, ಪಾಶ್ಚಾತ್ಯ ದೇಶಗಳಲ್ಲಿಯೂ ಇದೆ. ನರುಳಿಗೆ ಕಾರಣ ಮನುಷ್ಯರಿಂದ ಮನುಷ್ಯರಿಗೆ ಹರಡುವ ಒಂದು ವೈರಸ್. ಕಪ್ಪೆಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಹಿಡಿದಾಗ ಕಪ್ಪೆ ಚಿಮ್ಮಿಸುವ ನೀರು ವಿಷವಲ್ಲ. ಅದು ಮೂತ್ರಕೋಶದಲ್ಲಿ ಕೂಡಿಟ್ಟ ನೀರು. ಭಯಪಟ್ಟವನು ಮನುಷ್ಯನಲ್ಲ, ಕಪ್ಪೆ ಎಂಬುದಕ್ಕೆ ಅದೇ ಸಾಕ್ಷಿ.

ಕಾಡು ಕೊಟ್ಟ ವಿಷ

ಈಗ ದಕ್ಷಿಣ ಅಮೆರಿಕಕ್ಕೆ ಹೋಗೋಣ. ಕೊಲಂಬಿಯ ದೇಶದ ಪೆಸಿಫಿಕ್ ಕರಾವಳಿಯ ಮಳೆಕಾಡಿನಲ್ಲಿ ಬಂಗಾರದ ಬಣ್ಣದ ಒಂದು ಕಪ್ಪೆಯಿದೆ. ಚಾರ್ಲ್ಸ್ ಮೈಯರ್ಸ್, ಜಾನ್ ಡೇಲಿ, ಬೋರಿಸ್ ಮಾಲ್ಕಿನ್ ಎಂಬ ಮೂವರು ೧೯೭೮ರಲ್ಲಿ ಅದನ್ನು ವಿಜ್ಞಾನಕ್ಕೆ ಪರಿಚಯಿಸಿ ಫಿಲೋಬೇಟಿಸ್ ಟೆರಿಬಿಲಿಸ್ ಎಂದು ಹೆಸರಿಟ್ಟರು. ಟೆರಿಬಿಲಿಸ್ ಎಂದರೆ ಘೋರವಾದುದು ಎಂದರ್ಥ. ಐದು ಸೆಂಟಿಮೀಟರು ಉದ್ದದ ಆ ಜೀವಿಯ ಮೈಯಲ್ಲಿ ಸುಮಾರು ಒಂದು ಮಿಲಿಗ್ರಾಮು ವಿಷವಿರುತ್ತದೆ. ಒಂದು ಅಕ್ಕಿಕಾಳನ್ನು ಇಪ್ಪತ್ತು ಪಾಲು ಮಾಡಿದರೆ ಒಂದು ಪಾಲಿನ ತೂಕ ಅಷ್ಟಾದೀತು. ಬ್ಯಾಟ್ರಾಕೋಟಾಕ್ಸಿನ್ ಎಂಬ ಈ ವಿಷ ನರಕೋಶಗಳಲ್ಲಿ ಸೋಡಿಯಂ ಅಯಾನುಗಳು ಹಾಯುವ ಬಾಗಿಲುಗಳನ್ನು ಮುಚ್ಚಲಾಗದಂತೆ ತೆರೆದಿಡುತ್ತದೆ. ಸಂಕೇತಗಳನ್ನು ಒಯ್ಯಬೇಕಾದ ನರ ಕೆಲಸ ಮರೆಯುತ್ತದೆ; ಸ್ನಾಯುಗಳು ಸೋಲುತ್ತವೆ; ಹೃದಯ ನಿಲ್ಲುತ್ತದೆ. ಆ ಸೀಮೆಯ ಎಂಬೆರಾ ಜನ ಊದುಕೊಳವೆಯ ಬಾಣಗಳ ಮೊನೆಯನ್ನು ಈ ಕಪ್ಪೆಯ ಬೆನ್ನಿಗೆ ಸವರಿಕೊಳ್ಳುತ್ತಿದ್ದರು. ಈ ಬಳಗದ ಕಪ್ಪೆಗಳೆಲ್ಲವನ್ನೂ ‘ಬಾಣದ ಕಪ್ಪೆ’ಗಳೆಂದು ಕರೆಯುವ ರೂಢಿ ಬಂದಿದೆಯಾದರೂ, ಬಾಣಕ್ಕೆ ಬಳಸಿದ್ದು ಖಚಿತವಾಗಿ ದಾಖಲೆಯಾಗಿರುವುದು ಮೂರು ಜಾತಿಗಳನ್ನು ಮಾತ್ರ.

ಇಷ್ಟನ್ನು ಬಹುಮಂದಿ ಓದಿದ್ದಾರೆ. ಇದಕ್ಕಿಂತ ಅಚ್ಚರಿಯ ಸಂಗತಿ ಇನ್ನೊಂದಿದೆ. ಈ ಘೋರ ಕಪ್ಪೆಯ ಮರಿಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಹುಟ್ಟಿಸಿ, ಹಣ್ಣಿನ ನೊಣ ಮುಂತಾದ ಆಹಾರವಿತ್ತು ಬೆಳೆಸಿದರೆ ಅವುಗಳ ಮೈಯಲ್ಲಿ ವಿಷ ಇರುವುದೇ ಇಲ್ಲ! ಬಣ್ಣ ಅದೇ, ಗಾತ್ರ ಅದೇ, ಜಾತಿ ಅದೇ. ವಿಷ ಮಾತ್ರ ಶೂನ್ಯ. ಇದರ ಅರ್ಥವೇನು? ಆ ವಿಷವನ್ನು ಕಪ್ಪೆ ತಾನಾಗಿ ತಯಾರಿಸಿಕೊಳ್ಳುವುದಿಲ್ಲ. ತಿಂದ ಆಹಾರದಿಂದ ಅದನ್ನು ಪಡೆದು ಚರ್ಮದಲ್ಲಿ ಕೂಡಿಟ್ಟುಕೊಳ್ಳುತ್ತದೆ.

ಪನಾಮದಲ್ಲಿ ನಡೆದ ಪ್ರಯೋಗವೊಂದು ಈ ಮಾತನ್ನು ದೃಢಪಡಿಸಿತು. ಇದೇ ಬಳಗದ ಹಸಿರು ಕರಿ ಬಣ್ಣದ ಕಪ್ಪೆಗಳನ್ನು ಮನೆಯೊಳಗೆ ಹಣ್ಣಿನ ನೊಣ ತಿನ್ನಿಸಿ ಬೆಳೆಸಿದಾಗ ವಿಷ ಕಾಣಲಿಲ್ಲ. ಕಾಡಿನ ತರಗೆಲೆಯನ್ನು ತಂದು, ಅದರಲ್ಲಿದ್ದ ಹುಳುಹುಪ್ಪಟೆಗಳನ್ನು ತಿನ್ನಗೊಟ್ಟು ಬೆಳೆಸಿದಾಗ ಕಂಡಿತು. ಸೊಳ್ಳೆಗಳನ್ನು ತಿಂದೀತೆಂಬ ಆಸೆಯಿಂದ ಇದೇ ಜಾತಿಯನ್ನು ೧೯೩೨ರಲ್ಲಿ ಹವಾಯಿ ದ್ವೀಪಕ್ಕೆ ಒಯ್ದು ಬಿಟ್ಟಿದ್ದರು. ಅಲ್ಲಿ ಬೆಳೆದ ಸಂತತಿಯ ಚರ್ಮವನ್ನು ಪರೀಕ್ಷಿಸಿದಾಗ ತವರಿನ ಕಪ್ಪೆಗಳಲ್ಲಿದ್ದ ಕೆಲವು ವಿಷಗಳು ಇರಲಿಲ್ಲ. ಬೇರೆ ಕೆಲವು ಇದ್ದವು. ನೆಲ ಬದಲಾಯಿತು, ಊಟ ಬದಲಾಯಿತು, ವಿಷವೂ ಬದಲಾಯಿತು. ಇರುವೆಗಳು, ತರಗೆಲೆಯಲ್ಲಿ ಬಾಳುವ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಗಳು, ಜೀರುಂಡೆಗಳು - ಇವೇ ಆ ವಿಷದ ಮೂಲ ಕಾರ್ಖಾನೆಗಳೆಂದು ಮುಂದಿನ ಸಂಶೋಧನೆಗಳು ತೋರಿಸಿದವು. ಕೊಲಂಬಿಯದಿಂದ ಸಾಗರದಾಚೆಯ ನ್ಯೂಗಿನಿಯಲ್ಲಿ ಪಿಟೊಹುಯಿ ಎಂಬ ಹಕ್ಕಿಯ ಗರಿಯಲ್ಲಿಯೂ ಬ್ಯಾಟ್ರಾಕೋಟಾಕ್ಸಿನ್ ಬಳಗದ ವಿಷವೇ ಇರುವುದು ೧೯೯೨ರಲ್ಲಿ ಬೆಳಕಿಗೆ ಬಂತು. ಆ ಸೀಮೆಯ ಪುಟ್ಟ ಜೀರುಂಡೆಗಳಲ್ಲಿ ಅದೇ ವಿಷವಿರುವುದು ೨೦೦೪ರಲ್ಲಿ ಗೊತ್ತಾಯಿತು. ಕಪ್ಪೆಗೂ ಹಕ್ಕಿಗೂ ನಂಟಿಲ್ಲ. ಇಬ್ಬರೂ ತಂತಮ್ಮ ಕಾಡಿನ ಹುಳುಗಳಿಗೆ ಋಣಿಗಳು.

ಇಲ್ಲಿ ನಮ್ಮ ನೆಲಗಪ್ಪೆಯ ಮಾರ್ಗ ಬೇರೆ. ಅದು ತನ್ನ ವಿಷವನ್ನು ಮೈಯೊಳಗಿನ ಕೊಲೆಸ್ಟರಾಲಿನಿಂದ ತಾನೇ ತಯಾರಿಸಿಕೊಳ್ಳುತ್ತದೆ. ಎರವಲು ತಂದವನು ಆತ, ಸ್ವಂತ ಸಂಪಾದನೆಯವನು ಈತ ಎನ್ನಬಹುದು. ಹಾಗಾದರೆ ನೆಲಗಪ್ಪೆಯ ವಿಷಕ್ಕೂ ನೆಲಕ್ಕೂ ಸಂಬಂಧವಿಲ್ಲವೆ? ಇದೆ, ಅದನ್ನು ಮಡಗಾಸ್ಕರ್ ದ್ವೀಪದ ಕಥೆ ತಿಳಿಸುತ್ತದೆ.

ತವರಿನಲ್ಲಿ ಸಾಧು, ಪರದೇಶದಲ್ಲಿ ಮಾರಿ

ಬೆಂಗಳೂರಿನಲ್ಲಿ ಕಾಣುವ ಡುಟಾಫ್ರೈನಸ್ ಮೆಲನೊಸ್ಟಿಕ್ಟಸ್ ಎಂಬ ಈ ನೆಲಗಪ್ಪೆ ದಕ್ಷಿಣ ಏಷ್ಯದಿಂದ ಆಗ್ನೇಯ ಏಷ್ಯದವರೆಗೆ ಹರಡಿರುವ ಜೀವಿ. ಆಗ್ನೇಯ ಏಷ್ಯದಿಂದ ಹಡಗಿನ ಸರಕಿನೊಡನೆ ಹೋದ ಕೆಲವು ಕಪ್ಪೆಗಳು ಮಡಗಾಸ್ಕರಿನ ಟೊಮಾಸಿನ ಬಂದರಿನಲ್ಲಿ ಇಳಿದು ನೆಲೆಸಿದವು. ೨೦೧೪ರಲ್ಲಿ ಅದು ಜಗತ್ತಿನ ಗಮನಕ್ಕೆ ಬಂದಾಗ ಅವು ಆಗಲೇ ಅಪಾರ ಸಂಖ್ಯೆಯಲ್ಲಿ ಹಬ್ಬಿದ್ದವು. ಆ ದ್ವೀಪದ ಹಾವು, ಹಕ್ಕಿ, ಸಸ್ತನಿಗಳೇ ಮೊದಲಾದ ೭೭ ಜಾತಿಗಳ ಜೀನುಗಳನ್ನು ಪರಿಶೀಲಿಸಿದ ವಿಜ್ಞಾನಿಗಳು, ಇಲಿಯ ಬಳಗದ ಒಂದೇ ಒಂದು ಪ್ರಾಣಿಯ ಹೊರತು ಮಿಕ್ಕಾವುದಕ್ಕೂ ಈ ವಿಷವನ್ನು ತಾಳಿಕೊಳ್ಳುವ ಗುರುತು ಕಾಣದೆಂದು ೨೦೧೮ರಲ್ಲಿ ವರದಿಮಾಡಿದರು.

ನಮ್ಮ ನೆಲದಲ್ಲಿ ಹಾಗಿಲ್ಲ. ಕೇರೆಹಾವು, ನೀರೊಳ್ಳೆ ಮುಂತಾದವು ನೆಲಗಪ್ಪೆಯನ್ನು ನುಂಗಿ ಅರಗಿಸಿಕೊಳ್ಳುತ್ತವೆ. ಲಕ್ಷಾಂತರ ವರ್ಷಗಳ ಒಡನಾಟದಲ್ಲಿ ಹೃದಯದ ಆ ಸೋಡಿಯಂ ಪಂಪು ತುಸು ಮಾರ್ಪಟ್ಟ ಹಾವುಗಳೇ ಉಳಿದುಕೊಂಡು ಬಂದಿವೆ. ಕಪ್ಪೆ ಕವಚವನ್ನು ಗಟ್ಟಿಮಾಡಿತು. ಹಾವು ಅದನ್ನು ಭೇದಿಸಲು ಕಲಿಯಿತು. ಈ ಹೊಯ್‌ಕಯ್‌ಯಲ್ಲಿ ಯಾರೂ ಪೂರ್ತಿ ಗೆಲ್ಲಲಿಲ್ಲ, ಯಾರೂ ಪೂರ್ತಿ ಸೋಲಲಿಲ್ಲ. ಅದನ್ನೇ ನಾವು ನಿಸರ್ಗದ ಸಮತೋಲ ಎನ್ನುತ್ತೇವೆ. ಅದೇ ಕಪ್ಪೆ, ಅದೇ ವಿಷ. ಇಲ್ಲಿ ಸಾಧು, ಅಲ್ಲಿ ಮಾರಿ. ಹಾಗಿದ್ದ ಮೇಲೆ ವಿಷ ಎಷ್ಟು ಘೋರವೆಂಬುದನ್ನು ಕಪ್ಪೆಯೊಂದನ್ನೇ ಅಳೆದು ಹೇಳಲು ಬರುವುದಿಲ್ಲ. ಅದರ ಸುತ್ತಲಿನ ಜೀವಲೋಕವನ್ನೂ ಅಳೆಯಬೇಕಾಗುತ್ತದೆ.

ವಿಷದ ಈ ಕವಚ ನೆಲಗಪ್ಪೆಯನ್ನು ಮನುಷ್ಯನಿಂದಲೂ ಒಮ್ಮೆ ಕಾಪಾಡಿತು. ಐರೋಪ್ಯ ದೇಶಗಳ ಊಟದ ಮೇಜಿಗಾಗಿ ಭಾರತ ದಶಕಗಳ ಕಾಲ ಕಪ್ಪೆಯ ಕಾಲುಗಳನ್ನು ರಫ್ತು ಮಾಡಿತು. ಸಾಗಣೆ ಜೋರಾಗಿದ್ದ ೧೯೮೦ರ ಆಸುಪಾಸಿನಲ್ಲಿ ಅದು ವರ್ಷಕ್ಕೆ ಸಾವಿರಾರು ಟನ್ನುಗಳಷ್ಟಿತ್ತು. ಬಲಿಯಾದುದು ಗದ್ದೆ ಕುಂಟೆಗಳಲ್ಲಿ ಬಾಳುವ, ಮಾರಕ ವಿಷವಿಲ್ಲದ ದೊಡ್ಡ ಕಪ್ಪೆಗಳು. ನೆಲಗಪ್ಪೆಯನ್ನು ಯಾರೂ ಕೇಳಲಿಲ್ಲ. ಗದ್ದೆಯ ಕಪ್ಪೆಗಳು ಅಳಿಯುತ್ತಿವೆಯೆಂಬ ಕೂಗು ಎದ್ದ ಮೇಲೆ ಸರ್ಕಾರ ೧೯೮೭ರಲ್ಲಿ ಆ ರಫ್ತನ್ನು ನಿಷೇಧಿಸಿತು. ಕಾನೂನು ಬರುವವರೆಗೆ ಗದ್ದೆಗಪ್ಪೆಗೆ ದಿಕ್ಕಿರಲಿಲ್ಲ. ನೆಲಗಪ್ಪೆಗೆ ಅದರ ವಿಷವೇ ಕಾನೂನಾಗಿತ್ತು.

ವಿಷದ ಭಂಡಾರ

ವಿಷವೆಂದರೆ ಕೇಡೆಂದಷ್ಟೇ ತಿಳಿದವರು ಇಕ್ವೆಡಾರ್ ದೇಶದ ಒಂದು ಪುಟ್ಟ ಕಪ್ಪೆಯ ಕಥೆಯನ್ನು ಕೇಳಬೇಕು. ಜಾನ್ ಡೇಲಿ ೧೯೭೪ರಲ್ಲಿ ಆ ಕಪ್ಪೆಯ ಚರ್ಮದ ಸಾರವನ್ನು ಸಂಗ್ರಹಿಸಿದರು. ಅದರ ಒಂದಂಶ ಇಲಿಗಳಲ್ಲಿ ನೋವಿನ ಅರಿವನ್ನು ಅಡಗಿಸುವುದು ಕಂಡುಬಂತು. ಮರಳಿ ಹೋಗಿ ಸುಮಾರು ೭೫೦ ಕಪ್ಪೆಗಳ ಚರ್ಮವನ್ನು ತಂದರೂ ದೊರೆತ ಶುದ್ಧ ವಸ್ತು ತೀರ ಅಲ್ಪ. ಸೆರೆಯಲ್ಲಿ ಬೆಳೆಸಿದ ಕಪ್ಪೆಗಳಲ್ಲಂತೂ ಆ ವಸ್ತು ಇರಲೇ ಇಲ್ಲ. ಅಂದಿನ ಉಪಕರಣಗಳಿಗೆ ಅಷ್ಟು ಅಲ್ಪ ಪ್ರಮಾಣದಿಂದ ಅದರ ರಚನೆಯನ್ನು ತಿಳಿಯಲು ಸಾಧ್ಯವಿರಲಿಲ್ಲ. ಡೇಲಿ ಅದನ್ನು ಜೋಪಾನವಾಗಿ ಕಾದಿಟ್ಟರು. ಉಪಕರಣಗಳು ಸುಧಾರಿಸಿದ ಮೇಲೆ, ೧೯೯೨ರಲ್ಲಿ, ಎಪಿಬಾಟಿಡಿನ್ ಎಂಬ ಆ ವಸ್ತುವಿನ ರಚನೆ ಪ್ರಕಟವಾಯಿತು. ನೋವನ್ನು ಅಡಗಿಸುವುದರಲ್ಲಿ ಅದು ಮಾರ್ಫೀನಿಗಿಂತ ಸುಮಾರು ಇನ್ನೂರು ಪಟ್ಟು ಪ್ರಬಲ. ಅಷ್ಟೇ ಅಲ್ಲ, ಅದು ಕೆಲಸಮಾಡುವ ದಾರಿಯೇ ಬೇರೆ.

ಎಪಿಬಾಟಿಡಿನ್ ಔಷಧವಾಗಲಿಲ್ಲ, ನೋವು ಅಡಗಿಸುವ ಪ್ರಮಾಣಕ್ಕೂ ಪ್ರಾಣ ತೆಗೆಯುವ ಪ್ರಮಾಣಕ್ಕೂ ಅಂತರ ಬಲು ಕಿರಿದು. ಅದನ್ನು ಮಾದರಿಯಾಗಿಟ್ಟುಕೊಂಡು ಪ್ರಯೋಗಶಾಲೆಯಲ್ಲಿ ರಚಿಸಿದ ಒಂದು ವಸ್ತು ಮನುಷ್ಯರ ಮೇಲಿನ ಪರೀಕ್ಷೆಯವರೆಗೆ ಹೋಗಿ, ಅಡ್ಡ ಪರಿಣಾಮಗಳಿಂದಾಗಿ ಅಲ್ಲಿಗೆ ನಿಂತಿತು. ಆದರೂ ಮಾರ್ಫೀನಿನ ಮಾರ್ಗವಲ್ಲದೆ ನೋವಿಗೆ ಇನ್ನೊಂದು ಮಾರ್ಗವಿದೆ ಎಂಬ ಅರಿವನ್ನು ಆ ಕಪ್ಪೆ ಬಲಪಡಿಸಿತು. ಅಂಥ ಅರಿವು ಒಂದು ಔಷಧಕ್ಕಿಂತ ಕಡಮೆ ಬೆಲೆಯದೇನೂ ಅಲ್ಲ.

ದೂರದ ಇಕ್ವೆಡಾರಿಗೇ ಹೋಗಬೇಕಾಗಿಲ್ಲ. ನಮ್ಮ ಪಶ್ಚಿಮ ಘಟ್ಟಗಳಲ್ಲಿ ಕೆಂಗಂದು ಬೆನ್ನಿನ, ಕರಿಯ ಪಕ್ಕೆಗಳ ಒಂದು ಸುಂದರವಾದ ಕಪ್ಪೆಯಿದೆ. ೨೦೧೫ರಲ್ಲಿ ಅದಕ್ಕೆ ಹೈಡ್ರೊಫೈಲ್ಯಾಕ್ಸ್ ಬಹುವಿಸ್ತಾರ ಎಂಬ ಹೆಸರು ಬಂತು. ಘಟ್ಟಗಳಲ್ಲಿ ವಿಸ್ತಾರವಾಗಿ ಹರಡಿರುವುದರಿಂದ ಆ ಸಂಸ್ಕೃತ ವಿಶೇಷಣ. ಕೇರಳದಲ್ಲಿ ದೊರೆತ ಈ ಕಪ್ಪೆಯ ಚರ್ಮದ ಒಸರಿನಿಂದ ವಿಜ್ಞಾನಿಗಳು ಒಂದು ಪುಟ್ಟ ಪ್ರೋಟೀನು ತುಣುಕನ್ನು ಬೇರ್ಪಡಿಸಿದರು. ತಿರುವನಂತಪುರದ ರಾಜೀವ ಗಾಂಧಿ ಜೈವಿಕ ತಂತ್ರಜ್ಞಾನ ಕೇಂದ್ರದವರೂ ಅಮೆರಿಕದ ಎಮರಿ ವಿಶ್ವವಿದ್ಯಾಲಯದವರೂ ಕೂಡಿ ನಡೆಸಿದ ಈ ಕೆಲಸ ೨೦೧೭ರಲ್ಲಿ ಪ್ರಕಟವಾಯಿತು. ಅದು ಇನ್‌ಫ್ಲುಯೆಂಜದ ಎಚ್೧ ಬಗೆಯ ವೈರಸ್ಸುಗಳನ್ನು ನಾಶಮಾಡಿತು. ಸೋಂಕು ತಗಲಿಸಿದ ಇಲಿಗಳನ್ನು ಉಳಿಸಿತು. ಬಳುಕುವ ಉರುಮಿ ಕತ್ತಿಯ ಹೆಸರಿನಿಂದ ಅದನ್ನು ಉರುಮಿನ್ ಎಂದು ಕರೆದರು. ಅದು ಔಷಧವಾಗಲು ಇನ್ನೂ ದೂರ ಸಾಗಬೇಕು. ಆದರೆ ಮಳೆಗಾಲದ ಕೆಸರಿನಲ್ಲಿ ಕುಳಿತ ಒಂದು ಕಪ್ಪೆಯ ಚರ್ಮದಲ್ಲಿ ಎಂಥ ಪಾಠಗಳು ಬರೆದಿವೆ ಎಂಬುದಕ್ಕೆ ಈ ಒಂದು ನಿದರ್ಶನ ಸಾಕು.

ಇಲ್ಲಿ ಒಬ್ಬ ಜಾಣ ವಿದ್ಯಾರ್ಥಿ ಕೇಳಬಹುದು: ‘ಒಮ್ಮೆ ರಚನೆ ತಿಳಿದ ಮೇಲೆ ರಸಾಯನಶಾಸ್ತ್ರಜ್ಞರು ಆ ವಸ್ತುವನ್ನು ತಾವೇ ತಯಾರಿಸಬಲ್ಲರಲ್ಲ, ಮತ್ತೆ ಕಪ್ಪೆ ಏತಕ್ಕೆ? ಹೆಚ್ಚೆಂದರೆ ಒಂದು ಜೋಡಿಯನ್ನು ಮೃಗಾಲಯದಲ್ಲಿ ಇಟ್ಟುಕೊಂಡರಾಯಿತು.’ ಈ ಪ್ರಶ್ನೆಗೆ ಉತ್ತರವನ್ನು ಹಿಂದಿನ ಪುಟಗಳೇ ಕೊಟ್ಟಿವೆ. ಗಾಜಿನ ಪೆಟ್ಟಿಗೆಯ ಕಪ್ಪೆಯಲ್ಲಿ ಓದಲು ಅಕ್ಷರವೇ ಇರುವುದಿಲ್ಲ. ಅಕ್ಷರ ಇರುವುದು ಕಾಡಿನ ತರಗೆಲೆಯಲ್ಲಿ, ಅದರೊಳಗಿನ ಇರುವೆ ನುಸಿಗಳಲ್ಲಿ. ರಸಾಯನಶಾಸ್ತ್ರಜ್ಞನು ನಕಲು ಮಾಡಬಲ್ಲ. ಆದರೆ ನಕಲಿಗೆ ಮೊದಲು ಮೂಲಪ್ರತಿ ಬೇಕು. ನಾವು ಇನ್ನೂ ಓದದ ಮೂಲಪ್ರತಿಗಳೆಷ್ಟೋ! ಜಗತ್ತಿನ ಉಭಯಚರಿಗಳಲ್ಲಿ ನೂರಕ್ಕೆ ಸುಮಾರು ೪೧ರಷ್ಟು ಜಾತಿಗಳು ಅಳಿವಿನ ಅಂಚಿಗೆ ಸರಿಯುತ್ತಿವೆಯೆಂದು ೨೦೨೩ರ ಸಮೀಕ್ಷೆ ಹೇಳಿತು. ಓದುವ ಮುನ್ನವೇ ಗ್ರಂಥಭಂಡಾರಕ್ಕೆ ಬೆಂಕಿ ತಗಲಿದಂತಾಗಿದೆ.

ಕೆರೆಯಿಲ್ಲದ ಊರಿನ ಕಪ್ಪೆ

ಇನ್ನು ನಮ್ಮ ಊರಿನ ಮಾತಿಗೆ ಬರೋಣ. ನೆಲಗಪ್ಪೆ ವರ್ಷದ ಹೆಚ್ಚು ಭಾಗವನ್ನು ಕಲ್ಲುಸಂದಿಯಲ್ಲಿ, ಹೂಕುಂಡದ ಅಡಿಯಲ್ಲಿ, ಹಳೆಯ ಮನೆಗಳ ಹಿತ್ತಿಲಲ್ಲಿ ಕಳೆಯಬಲ್ಲದು. ಆದರೆ ಮೊಟ್ಟೆಯಿಡುವುದಕ್ಕೆ ಅದಕ್ಕೆ ನಿಂತ ನೀರು ಬೇಕೇ ಬೇಕು. ನೀರಿನಲ್ಲಿ ಮಣಿಸರದಂತೆ ಉದ್ದುದ್ದವಾಗಿ ಅದು ಇಡುವ ಮೊಟ್ಟೆಗಳು ಗೊದಮೊಟ್ಟೆಗಳಾಗಿ, ಕಾಲು ಮೂಡಿ, ದಡಕ್ಕೆ ಏರುವವರೆಗೆ ಆ ನೀರು ಕೆಡದೆ ಇರಬೇಕು. ಬೆಂಗಳೂರಿನಲ್ಲಿ ಅಂಥ ನೀರಿಗೆ ಹಿಂದೆ ಬರವಿರಲಿಲ್ಲ. ಇದು ಕೆರೆಗಳ ಊರು.

ಶಿವಾಜಿನಗರದ ವಿದ್ಯಾರ್ಥಿ ತನ್ನ ಸುತ್ತ ಒಮ್ಮೆ ಲೆಕ್ಕ ಹಾಕಲಿ. ದಂಡು ರೈಲು ನಿಲ್ದಾಣದ ಬಳಿ ಮಿಲ್ಲರ್ ಕೆರೆಯಿತ್ತು. ಈಗ ಮಿಲ್ಲರ್ ರಸ್ತೆಯೆಂಬ ಹೆಸರು ಉಳಿದಿದೆ. ದಕ್ಷಿಣಕ್ಕೆ ಶೂಲೆ ಕೆರೆಯಿತ್ತು. ಆ ಜಾಗದಲ್ಲಿ ಕಾಲ್ಚೆಂಡಿನ ಕ್ರೀಡಾಂಗಣವಾಯಿತು. ಕಬ್ಬನ್ ಪಾರ್ಕಿನ ಆಚೆ ಸಂಪಂಗಿ ಕೆರೆಯಿತ್ತು. ಅದರ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು, ಕರಗದ ವಿಧಿಗಳಿಗಾಗಿ ಒಂದು ಪುಟ್ಟ ಹೊಂಡ ಮಾತ್ರ ಉಳಿಯಿತು. ಪೂರ್ವಕ್ಕೆ ಹಲಸೂರು ಕೆರೆಯೇನೋ ಇದೆ. ಆದರೆ ೨೦೧೬ರ ಮಾರ್ಚಿಯಲ್ಲಿ ಅಲ್ಲಿ ಸಾವಿರಾರು ಮೀನುಗಳು ಒಮ್ಮೆಗೇ ಸತ್ತು ತೇಲಿದುದನ್ನು ನಗರ ಕಂಡಿತು. ಕೊಳಚೆ ಸೇರಿ ನೀರಿನ ಆಮ್ಲಜನಕ ಕುಸಿದಿತ್ತು. ಮೀನು ಸತ್ತರೆ ತೇಲುತ್ತದೆ, ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. ಗೊದಮೊಟ್ಟೆ ಸತ್ತರೆ ಯಾರಿಗೂ ಕಾಣುವುದಿಲ್ಲ.

ವಿಷವುಳ್ಳ ಪ್ರಾಣಿಯೆಂದು ನಾವು ಯಾವುದನ್ನು ದೂರುತ್ತೇವೆಯೋ ಅದರ ಚರ್ಮ ಹೊರಗಿನ ವಿಷಕ್ಕೆ ಬಾಗಿಲಿಲ್ಲದ ಮನೆ. ಉಸಿರಾಡಲು ಇರುವ ತೆಳುಚರ್ಮದ ಮೂಲಕವೇ ಕೀಟನಾಶಕ, ಸಾಬೂನಿನ ನೀರು, ಕಾರ್ಖಾನೆಯ ಕಲ್ಮಷಗಳು ಒಳಹೊಗುತ್ತವೆ. ಕಪ್ಪೆ ತನ್ನ ವಿಷವನ್ನು ಕಚ್ಚಿದವನಿಗೆ ಮಾತ್ರ ಕೊಡುತ್ತದೆ. ಮನುಷ್ಯನು ತನ್ನ ವಿಷವನ್ನು ಕಚ್ಚದವರಿಗೂ ಹಂಚುತ್ತಾನೆ. ಇಬ್ಬರಲ್ಲಿ ಯಾರು ಹೆಚ್ಚು ವಿಷಜೀವಿ ಎಂಬ ಪ್ರಶ್ನೆಯನ್ನು ವಿದ್ಯಾರ್ಥಿಗಳೇ ನಿರ್ಣಯಿಸಲಿ.

‘ಮನುಷ್ಯರಿಗೇ ಜಾಗವಿಲ್ಲದ ಊರಿನಲ್ಲಿ ಕಪ್ಪೆಗೆ ಜಾಗವೆಲ್ಲಿಂದ?’ ಎಂದು ಕೇಳುವವರಿದ್ದಾರೆ. ಆ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಶಿವಾಜಿನಗರದ ಓಣಿಗಳಲ್ಲಿ ಒಂದೊಂದು ಚದರಡಿಗೂ ಬೆಲೆಯಿದೆ. ಆದರೆ ೨೦೨೨ರ ಸೆಪ್ಟೆಂಬರಿನಲ್ಲಿ ನಗರದ ಪೂರ್ವಭಾಗದಲ್ಲಿ ಮನೆ ಕಚೇರಿಗಳಿಗೆ ನೀರು ನುಗ್ಗಿದುದನ್ನು ನೆನೆಯಬೇಕು. ಕೆರೆಯ ಅಂಗಳವನ್ನೂ ರಾಜಕಾಲುವೆಯನ್ನೂ ನಾವು ಆಕ್ರಮಿಸಿದರೆ ಮಳೆಯ ನೀರು ತನ್ನ ಹಳೆಯ ಜಾಗವನ್ನು ಹುಡುಕಿಕೊಂಡು ಬರುತ್ತದೆ. ಕಪ್ಪೆಗೆ ಬೇಕಾದ ಜಾಗ ಮನುಷ್ಯನಿಂದ ಕಸಿದ ಜಾಗವಲ್ಲ. ನೀರಿಗೆ ಬಿಡಲೇಬೇಕಾದ ಜಾಗ. ನೀರಿಗೆ ಎಡೆಮಾಡಿಕೊಟ್ಟರೆ ಕಪ್ಪೆ ಬಾಡಿಗೆಯಿಲ್ಲದೆ ಅಲ್ಲಿಯೇ ಬಾಳಿಕೊಳ್ಳುತ್ತದೆ.

ಕಪ್ಪೆಯ ಪರವಾಗಿ ವಾದಿಸುವವರು ಒಂದು ಎಚ್ಚರವನ್ನೂ ವಹಿಸಬೇಕು. ‘ಕಪ್ಪೆ ಇದ್ದರೆ ಸೊಳ್ಳೆ ಇರುವುದಿಲ್ಲ’ ಎಂಬ ಮಾತು ಕೇಳಲು ಚೆನ್ನ. ಆದರೆ ನೆಲಗಪ್ಪೆಯ ಊಟದಲ್ಲಿ ಇರುವೆ, ಗೆದ್ದಲು, ಜೀರುಂಡೆಗಳದೇ ದೊಡ್ಡ ಪಾಲು. ಸುಳ್ಳು ಉಪಕಾರವನ್ನು ಹೇಳಿ ಕಪ್ಪೆಯನ್ನು ಉಳಿಸಹೊರಟರೆ, ಸುಳ್ಳು ಬಯಲಾದ ದಿನ ಕಪ್ಪೆಗೆ ಯಾರೂ ಇರುವುದಿಲ್ಲ. ನಮಗೆ ಉಪಕಾರ ಮಾಡುತ್ತದೆಯೋ ಇಲ್ಲವೋ ಎಂಬುದೊಂದೇ ಒಂದು ಜೀವಿಯ ಹಕ್ಕಿಗೆ ಅಳತೆಗೋಲಾಗಬಾರದು. ಶೃಂಗೇರಿಯ ತುಂಗಾತೀರದಲ್ಲಿ ಹೆರಿಗೆಯ ಕಪ್ಪೆಗೆ ಹಾವು ಹೆಡೆಯ ನೆರಳು ಹಿಡಿದ ಶಿಲ್ಪವನ್ನು ಕಪ್ಪೆ ಶಂಕರವೆಂದು ಕರೆದು ಕೈಮುಗಿಯುವ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ವಿದ್ಯಾರ್ಥಿಗಳು ಮಾಡಬಹುದಾದುದು

ಬಹುಕಾಲ ನಮ್ಮ ಕಾಲೇಜುಗಳಲ್ಲಿ ಜೀವಶಾಸ್ತ್ರವೆಂದರೆ ಮೇಣದ ತಟ್ಟೆಯಲ್ಲಿ ಮೊಳೆ ಹೊಡೆದು ಬಿಡಿಸಿದ ಕಪ್ಪೆ ಎಂಬಂತಾಗಿತ್ತು. ವಿಶ್ವವಿದ್ಯಾಲಯ ಧನಸಹಾಯ ಆಯೋಗ ೨೦೧೧ರಲ್ಲಿ ಪ್ರಾಣಿಗಳ ಛೇದನವನ್ನು ಹಂತಹಂತವಾಗಿ ಕೈಬಿಡಲು ಮಾರ್ಗಸೂಚಿಯನ್ನು ಹೊರಡಿಸಿತು. ಅದು ಸ್ವಾಗತಾರ್ಹವಾದ ಹೆಜ್ಜೆ. ಆದರೆ ತಟ್ಟೆಯಿಂದ ಕಪ್ಪೆ ಹೋಯಿತು; ಅದರ ಬದಲು ಬಯಲಿನ ಕಪ್ಪೆ ಪಾಠಕ್ಕೆ ಬರಲಿಲ್ಲ. ಹಿಂದಿನ ತಲೆಮಾರಿಗೆ ಕಪ್ಪೆಯ ಕರುಳಾದರೂ ಗೊತ್ತಿತ್ತು. ಮುಂದಿನ ತಲೆಮಾರಿಗೆ ಅದರ ಕೂಗೂ ಗೊತ್ತಿಲ್ಲದಂತೆ ಆಗಬಾರದು.

ಹೊಸದನ್ನು ಕಾಣಲು ಅಮೆಜಾನಿಗೆ ಹೋಗಬೇಕೆಂಬ ಭ್ರಮೆಯೂ ಬೇಡ. ಬೆಂಗಳೂರಿನ ಹ���ರವಲಯದ ರಾಜಾನುಕುಂಟೆಯ ಬಳಿ ದೊರೆತ, ಮಣ್ಣನ್ನು ಬಗೆದು ಹುದುಗುವ ಒಂದು ಕಪ್ಪೆ ಹೊಸ ಜಾತಿಯೆಂದು ೨೦೨೦ರಲ್ಲಿ ಸ್ಥಿರಪಟ್ಟಿತು. ಊರಿನ ಹೆಸರನ್ನೇ ಇಟ್ಟು ಅದನ್ನು ಸ್ಪೆರೊತೀಕ ಬೆಂಗಳೂರು ಎಂದು ಕರೆದರು. ಕೋಟಿಗೂ ಮಿಕ್ಕ ಜನ ಬಾಳುವ ನಗರದ ಮಗ್ಗುಲಲ್ಲಿ, ೨೦೨೦ರವರೆಗೂ, ಹೆಸರಿಲ್ಲದ ಕಪ್ಪೆಯೊಂದು ಇತ್ತೆಂದರೆ ನಮ್ಮ ಕಣ್ಣುಗಳು ಎಲ್ಲಿದ್ದವು?

ಆದುದರಿಂದ ಪ್ರೌಢಶಾಲೆ ಕಾಲೇಜುಗಳ ವಿದ್ಯಾರ್ಥಿಗಳಿಗೆ ಒಂದು ಸಲಹೆ. ಮುಂದಿನ ಮಳೆಗಾಲಕ್ಕೆ ನಾಲ್ಕಾರು ಗೆಳೆಯರು ಕೂಡಿ ಒಂದು ದಿನಚರಿಯನ್ನು ಇಡಿರಿ. ನಿಮ್ಮ ಬೀದಿಯಲ್ಲಿ, ಶಾಲೆಯ ಅಂಗಳದಲ್ಲಿ, ಹತ್ತಿರದ ಉದ್ಯಾನದಲ್ಲಿ ಮೊದಲ ಕಪ್ಪೆಯ ಕೂಗು ಕೇಳಿದ್ದು ಯಾವ ದಿನ, ಆ ದಿನ ಮಳೆ ಎಷ್ಟು, ಗೊದಮೊಟ್ಟೆ ಕಂಡದ್ದು ಯಾವ ನೀರಿನಲ್ಲಿ, ಆ ನೀರು ಎಷ್ಟು ದಿನ ನಿಂತಿತು ಎಂಬುದನ್ನು ಬರೆಯಿರಿ. ಕಪ್ಪೆಯನ್ನು ಹಿಡಿಯುವ ಅಗತ್ಯವಿಲ್ಲ. ಕಣ್ಣು, ಕಿವಿ, ಸೀಸದ ಕಡ್ಡಿ ಸಾಕು. ಐದು ವರ್ಷ ಇಂಥ ಲೆಕ್ಕ ಬೆಳೆದರೆ, ಒಂದು ಹೊಂಡವನ್ನು ಮುಚ್ಚಲು ಯಾರಾದರೂ ಬಂದಾಗ ‘ಇಲ್ಲಿ ಇಂತಿಂಥ ಜೀವಿಗಳು ಹುಟ್ಟುತ್ತವೆ’ ಎಂದು ಅಂಕಿ ಸಮೇತ ಹೇಳುವ ಬಲ ನಿಮಗೆ ಬರುತ್ತದೆ. ಬರಿಯ ಮರುಕಕ್ಕೆ ಇಲ್ಲದ ಬಲ ಅಂಕಿಗಳಿಗೆ ಉಂಟು.

ಕಪ್ಪೆಯ ವಿಷ ಕಪ್ಪೆಯ ಸ್ವತ್ತಲ್ಲ. ಮಳೆಕಾಡಿನಲ್ಲಿ ಅದು ಇರುವೆಯದು, ನುಸಿಯದು, ತರಗೆಲೆಯದು; ನಮ್ಮ ನೆಲದಲ್ಲಿ ಅದು ಕಪ್ಪೆಗೂ ಹಾವಿಗೂ ನಡುವಣ ಹಳೆಯ ಒಪ್ಪಂದ. ಆ ಸ್ವತ್ತನ್ನು ಕಾಯುವ ಹೊಣೆ ಅಲ್ಲಲ್ಲಿ ಬಾಳುವವರದು. ಅಮೆಜಾನಿನ ಕಾಡನ್ನು ಉಳಿಸಿರೆಂದು ಬ್ರೆಜಿಲಿನವರಿಗೂ ಕೊಲಂಬಿಯದವರಿಗೂ ಬುದ್ಧಿ ಹೇಳುವುದು ಸುಲಭ. ಹಲಸೂರಿನ ನೀರನ್ನು ಗೊದಮೊಟ್ಟೆ ಬಾಳುವಷ್ಟು ತಿಳಿಯಾಗಿ ಇಟ್ಟುಕೊಂಡ ಮೇಲೆ ಆ ಮಾತನ್ನು ಹೇಳಿದರೆ ಅದಕ್ಕೆ ತೂಕವಿರುತ್ತದೆ.